ಫ್ಯೂಷನ್ ಹೇರ್ ಎಕ್ಸ್‌ಟೆನ್ಶನ್ ಮನೆಯಲ್ಲೇ ಹಾಕಿಕೊಳ್ಳುವುದು: ಗೆಳತಿಯರಿಬ್ಬರು ಸಹಾಯಕ್ಕಿದ್ದರೆ ಆದೀತೇ?

ಕೋಡಿಬಾಗ_ಕಾರವಾರ:
ಮೇ ಎರಡನೇ ವಾರ ಅಕ್ಕನ ಮದುವೆ. ನನ್ನ ಕೂದಲು ಭುಜದವರೆಗೆ ಇದೆ, ದಪ್ಪ ಮಧ್ಯಮ, ಬಣ್ಣ ಹಾಕಿಲ್ಲ. 18 ಇಂಚು ಉದ್ದದ, ತುದಿಯಲ್ಲಿ ಕೆರಾಟಿನ್ ಅಂಟಿರುವ ಯು-ಟಿಪ್ ಎಳೆ 120 ತರಿಸಿದ್ದೇನೆ, ಒಂದೊಂದು 1 ಗ್ರಾಂ. ಆ ಅಂಟನ್ನು ಕರಗಿಸಿ ಎಳೆಯನ್ನು ಕೂದಲಿಗೆ ಬೆಸೆಯುವ (ಫ್ಯೂಷನ್ ಅಂದರೆ ಇದೇ) ಬಿಸಿ ಕನೆಕ್ಟರ್ ಇದೆ. ಸಹಾಯಕ್ಕೆ ಬರುವ ಗೆಳತಿಯರಿಬ್ಬರಿಗೂ ಜಡೆ ಹಾಕುವ ಕೈ ಚೆನ್ನಾಗಿದೆ, ಆದರೆ ಈ ಕೆಲಸ ಹೊಸದು. ದಿನಾ ತೆಂಗಿನೆಣ್ಣೆ ಹಚ್ಚುವ ರೂಢಿ ನಮ್ಮಲ್ಲಿ. ಏನು ತಯಾರಿ ಬೇಕು, ಎಲ್ಲಿ ಕೆಡುತ್ತದೆ, ತಿಳಿದವರು ವಿವರವಾಗಿ ಹೇಳಿ.

ಹೆರಳು_ಶಿರಸಿ:
ಆಗುತ್ತದೆ. ಆದರೆ ಹಾಕುವ ಏರ್ಪಾಡಿಗಿಂತ ಮೊದಲು ತೆಗೆಯುವ ಏರ್ಪಾಡು ಮಾಡಿಕೊಳ್ಳಿ. ಮನೆಯಲ್ಲಿ ಮಾಡಿದ ಫ್ಯೂಷನ್‌ನಲ್ಲಿ ಕೂದಲು ಹಾಳಾಗುವುದು ಹೆಚ್ಚಾಗಿ ತೆಗೆಯುವಾಗಲೇ. ನಿಮ್ಮ ಎಳೆಯ ಅಂಟಿಗೆ ಹೊಂದುವ ರಿಮೂವರ್ 100 ಮಿ.ಲೀ. ಮತ್ತು ಬಾಯಿ ಚಪ್ಪಟೆಯಾಗಿರುವ ಸಣ್ಣ ಇಕ್ಕಳ, ಇವೆರಡೂ ಕೈಗೆ ಬರುವ ತನಕ ಒಂದು ಎಳೆಯನ್ನೂ ಅಂಟಿಸಬೇಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಮೂರು ತಿಂಗಳಾಗುವಷ್ಟರಲ್ಲಿ ಬಾಂಡ್ (ಎಳೆಯನ್ನು ಕೂದಲಿಗೆ ಹಿಡಿದಿರುವ ಅಂಟಿನ ಬೆಸುಗೆ) ಬುಡದಿಂದ 3-4 ಸೆಂ.ಮೀ. ಕೆಳಗಿಳಿದು, ತನ್ನ ಸುತ್ತಲೇ ತಿರುಗಿ, ಪಕ್ಕದ ಎಳೆಗೆ ಸುತ್ತಿಕೊಳ್ಳಲು ಶುರುಮಾಡುತ್ತದೆ. ನಾಲ್ಕು ತಿಂಗಳು ದಾಟಿಸುವಂತಿಲ್ಲ. ಅಂದರೆ ಆಗಸ್ಟ್‌ನಲ್ಲಿ ತೆಗೆಯಬೇಕು. ಆ ಹೊತ್ತಿಗೆ ಈ ಗೆಳತಿಯರು ಊರಲ್ಲೇ ಇರುತ್ತಾರಾ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು. ಮದುವೆಗೆ ಮೂರು ವಾರ ಮೊದಲು ಕಿವಿಯ ಹಿಂದೆ, ಕಾಣದ ಜಾಗದಲ್ಲಿ ಮೂರೇ ಮೂರು ಎಳೆ ಹಾಕಿ. ಮೂರು ದಿನ ಬಿಟ್ಟು ತಲೆ ತೊಳೆಯಿರಿ, ನಾಲ್ಕನೇ ದಿನ ಅವನ್ನು ತೆಗೆದೂ ನೋಡಿ. ಅಂಟು ನಿಮ್ಮ ಚರ್ಮಕ್ಕೆ ಆಗುತ್ತದಾ, ಕನೆಕ್ಟರ್ ಶಾಖ ಸರಿಯಿದೆಯಾ, ರಿಮೂವರ್ ಈ ಅಂಟನ್ನು ನಿಜಕ್ಕೂ ಬಿಡಿಸುತ್ತದಾ, ಎಲ್ಲ ಒಟ್ಟಿಗೆ ಗೊತ್ತಾಗುತ್ತದೆ. ಕೆಲವು ಬಾಂಡ್ ಆಲ್ಕೋಹಾಲ್ ರಿಮೂವರ್‌ಗೆ ಬಿಡುತ್ತವೆ, ಕೆಲವಕ್ಕೆ ಅಸಿಟೋನ್ ಬೇಕು. ಕೆರಾಟಿನ್ ಎಂದು ಮಾರಿದರೂ ಅದು ಬಹುಪಾಲು ಬಿಸಿಗೆ ಕರಗುವ ಪಾಲಿಮರ್ ಅಂಟೇ. ಹಾಗಾಗಿ ಒಂದು ಕಂಪನಿಯದಕ್ಕೆ ಹೊಂದಿದ್ದು ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ.

ಗಂಗಾವಳಿ_ಅಂಕೋಲಾ:
ಶುರು ಮಾಡುವ ಮೊದಲು ನೆತ್ತಿ ನೋಡಿ. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ ಬಂದು ಎರಡು ಮೂರು ತಿಂಗಳಾಗಿದ್ದರೆ, ಅಥವಾ ಹೆರಿಗೆಯಾಗಿ ಆರು ತಿಂಗಳ ಒಳಗಿದ್ದರೆ, ಕೂದಲು ಮುಷ್ಟಿಗಟ್ಟಲೆ ಉದುರುವ ಕಾಲ ಅದು. ಆಗ ಒಂದು ಗ್ರಾಂ ಭಾರವೂ ಹೆಚ್ಚು. ಹುಳುಕಡ್ಡಿ, ಸೋರಿಯಾಸಿಸ್, ಗಾಯ, ಹೇನು, ಇವುಗಳಲ್ಲಿ ಯಾವುದಿದ್ದರೂ ಅದು ವಾಸಿಯಾಗುವ ತನಕ ಬೇಡ. ಬೈತಲೆ ಅಗಲವಾಗುತ್ತಿದೆ, ಕಣತಲೆಯ ಹತ್ತಿರ ಕೂದಲು ತೆಳುವಾಗುತ್ತಿದೆ ಎಂದಾದರೆ ಫ್ಯೂಷನ್ ವಿಚಾರವನ್ನೇ ಬಿಡಿ. ಸತತ ಎಳೆತದಿಂದ ಬುಡ ಸಡಿಲವಾಗಿ ಕೂದಲು ಹೋಗುವ ತೊಂದರೆ ಮೊದಮೊದಲು ತಾನಾಗಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಆ ಜಾಗದಲ್ಲಿ ಮತ್ತೆ ಹುಟ್ಟದೇ ಇರಬಹುದು.

ಅಬ್ಬಲಿಗೆ_ಕುಮಟಾ:
ಎಣ್ಣೆಯ ಬಗ್ಗೆ ಹೇಳಲೇಬೇಕು. ನಮ್ಮ ಕಡೆಯವರಿಗೆ ಬಾಂಡ್ ಜಾರುವುದಕ್ಕೆ ಮೊದಲ ಕಾರಣವೇ ಅದು. ತೆಂಗಿನೆಣ್ಣೆ ಕೂದಲಿನ ಒಳಗೂ ಇಳಿಯುತ್ತದೆ, ಮೇಲಿನದಷ್ಟೇ ತೊಳೆದರೆ ಸಾಲದು. ಹಾಕುವ ದಿನಕ್ಕೆ ಒಂದು ವಾರ ಮೊದಲೇ ಎಣ್ಣೆ ನಿಲ್ಲಿಸಿ. ದಾಸವಾಳ ಸೊಪ್ಪಿನ ಗೊಂಪು, ಮತ್ತಿ ಸೊಪ್ಪು, ಸೀಗೆಕಾಯಿ ಸಹ ಆ ವಾರ ಬೇಡ, ಅವುಗಳ ಲೋಳೆ ಮತ್ತು ಪುಡಿ ಬುಡದಲ್ಲಿ ಉಳಿಯುತ್ತದೆ. ಹಿಂದಿನ ಸಂಜೆ ಜಿಡ್ಡು ಪೂರ್ತಿ ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂವಿನಿಂದ ಎರಡು ಸಲ ತೊಳೆಯಿರಿ. ಬುಡಕ್ಕೆ ಕಂಡೀಷನರ್, ಸೀರಮ್ ಏನೂ ಬೇಡ.

ಆಮೇಲೆ ಒಣಗಬೇಕು. ಏಪ್ರಿಲ್-ಮೇ ತಿಂಗಳ ಕರಾವಳಿ ಸೆಕೆಯಲ್ಲಿ ಮೇಲೆ ಒಣಗಿದಂತೆ ಕಂಡರೂ ಕತ್ತಿನ ಹತ್ತಿರದ ಒಳಪದರ ಹಸಿಯಾಗಿಯೇ ಇರುತ್ತದೆ. ಹಸಿ ಕೂದಲಿಗೆ ಬಿಸಿ ಅಂಟು ತಾಗಿದರೆ ಹಬೆ ಎದ್ದು ಬಾಂಡ್‌ನೊಳಗೆ ಗುಳ್ಳೆ ಉಳಿಯುತ್ತದೆ. ಬಾಂಡ್ ಮುರಿಯುವುದು ಆ ಗುಳ್ಳೆಯ ಜಾಗದಲ್ಲೇ. ಡ್ರೈಯರ್‌ನಿಂದ ಬುಡದವರೆಗೆ ಒಣಗಿಸಿ, ತಣ್ಣಗಾದ ಮೇಲೆ ಕೈಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಕೆಲಸದ ನಡುವೆ ಕತ್ತು ಬೆವರಿದರೆ ಒಣ ಹತ್ತಿ ಬಟ್ಟೆಯಿಂದ ಒರೆಸುತ್ತಿರಿ. ಟೇಬಲ್ ಫ್ಯಾನ್ ಕೂತವರ ಮುಖದ ಕಡೆಗಿರಲಿ. ಕನೆಕ್ಟರ್ ಮೇಲೆ ಗಾಳಿ ಬಿದ್ದರೆ ಅದರ ಮೂತಿ ತಣ್ಣಗಾಗುತ್ತದೆ.

ಕೋಡಿಬಾಗ_ಕಾರವಾರ:
ಎಲ್ಲಿಂದ ಶುರು ಮಾಡುವುದು? 120 ಎಳೆ ಎಲ್ಲೆಲ್ಲಿ ಹಂಚುವುದು? ವಿಡಿಯೋಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ತೋರಿಸುತ್ತಾರೆ.

ಹೆರಳು_ಶಿರಸಿ:
ಮೊದಲು ಬೇಡವಾದ ಜಾಗ ತೆಗೆದಿಡಿ. ಹಣೆಯ ಎರಡು ಮೂಲೆಗಳ ಮಟ್ಟದಲ್ಲಿ ತಲೆಯ ಸುತ್ತ ಒಂದು ಗೆರೆ ತೆಗೆಯಿರಿ. ಅದರ ಮೇಲಿನ ಕೂದಲನ್ನೆಲ್ಲ ನೆತ್ತಿಯ ಮೇಲೆ ಕ್ಲಿಪ್ ಹಾಕಿ ಕಟ್ಟಿ. ಅಲ್ಲಿಗೆ ಒಂದೂ ಎಳೆ ಬೇಡ, ಕೆಳಗಿನ ಬಾಂಡ್‌ಗಳನ್ನು ಮುಚ್ಚುವುದು ಆ ಕೂದಲೇ. ಕತ್ತಿನ ಅಂಚಿನಿಂದ 2.5 ಸೆಂ.ಮೀ., ಹಣೆ ಮತ್ತು ಕಿವಿಯ ಅಂಚಿನಿಂದ 2 ಸೆಂ.ಮೀ. ಒಳಗೆ ಬನ್ನಿ. ಕಣತಲೆಯ ಮೃದು ಕೂದಲನ್ನು ಮುಟ್ಟಲೇಬೇಡಿ. ಈ ಅಂಚು ಬಿಡದಿದ್ದರೆ ಜುಟ್ಟು ಕಟ್ಟಿದಾಗ ಬಾಂಡ್ ಕಾಣುತ್ತದೆ, ಜೊತೆಗೆ ತಲೆಯ ಅತ್ಯಂತ ದುರ್ಬಲ ಕೂದಲಿನ ಮೇಲೆ ಭಾರ ಬೀಳುತ್ತದೆ.

ಉಳಿದ ಜಾಗದಲ್ಲಿ ಹಿಂಭಾಗಕ್ಕೆ ನಾಲ್ಕು ಸಾಲು, ಕೆಳಗಿನಿಂದ ಮೇಲಕ್ಕೆ 14, 16, 18, 18. ಒಟ್ಟು 66. ಕಿವಿಯ ಮೇಲೆ ಎರಡೂ ಬದಿಗೆ ಮೂರು ಮೂರು ಸಾಲು, ಸಾಲಿಗೆ 8. ಅಲ್ಲಿಗೆ 48. ಎಲ್ಲ ಸೇರಿ 114 ಆಯಿತು, 6 ಎಳೆ ಎತ್ತಿಡಿ. ಮೊದಲ ವಾರದಲ್ಲಿ ಒಂದೆರಡು ಜಾರುವುದು ಸಹಜ, ಆಗ ಬೇಕಾಗುತ್ತದೆ. ಪ್ರಯೋಗದ ಮೂರು ಎಳೆಯನ್ನೂ ಈ ಆರರಲ್ಲೇ ತೆಗೆದುಕೊಳ್ಳಿ. ಸಾಲಿನ ನಡುವೆ 1.5 ಸೆಂ.ಮೀ. ಅಂತರವಿರಲಿ. ಒಂದು ಎಳೆಗೂ ಇನ್ನೊಂದಕ್ಕೂ ನಡುವೆ ಅರ್ಧ ಸೆಂ.ಮೀ.ನಷ್ಟು ನಿಮ್ಮ ಕೂದಲು ಖಾಲಿ ಉಳಿಯಬೇಕು. ಕೆಳಗಿನ ಸಾಲಿನ ಎರಡು ಬಾಂಡ್‌ಗಳ ಸಂದಿಯ ಮೇಲೆ ಮೇಲಿನ ಸಾಲಿನ ಬಾಂಡ್ ಬರಲಿ, ಇಟ್ಟಿಗೆ ಗೋಡೆ ಕಟ್ಟಿದ ಹಾಗೆ. ಹೀಗೆ ಮಾಡಿದರೆ ಬಾಂಡ್ ಮೇಲೆ ಬಾಂಡ್ ಬಿದ್ದು ಗಂಟಾಗುವುದಿಲ್ಲ, ಸಾಲು ಹೊರಗೆ ಗೆರೆಯಾಗಿ ತೋರುವುದೂ ಇಲ್ಲ.

ಶರಾವತಿ_ಹೊನ್ನಾವರ:
ಬಾಂಡ್ ಮಾಡುವ ಕ್ರಮ ನಾನು ಬರೆಯುತ್ತೇನೆ. ಮೂವರಿದ್ದೀರಿ, ಅಂದರೆ ತಲೆ ಕೊಟ್ಟು ಕೂರುವವರು ಒಬ್ಬರು, ಕೈ ಇಬ್ಬರದು. ಒಬ್ಬರು ಬಾಲ ಇರುವ ಹಣಿಗೆಯಿಂದ ಕೂದಲು ಬೇರ್ಪಡಿಸಿ ಶೀಲ್ಡ್ ಸಿಕ್ಕಿಸಲಿ, ಇನ್ನೊಬ್ಬರು ಕನೆಕ್ಟರ್ ಹಿಡಿಯಲಿ. ನಡುವೆ ಕೆಲಸ ಅದಲು ಬದಲು ಮಾಡಬೇಡಿ. ಒಬ್ಬರ ಕೈ ಒಂದು ಅಳತೆಗೆ ಕುದುರಿದ ಮೇಲೆ ಅದೇ ಕೈ ಮುಂದುವರಿದರೆ ಬಾಂಡ್‌ಗಳೆಲ್ಲ ಒಂದೇ ಸಮ ಬರುತ್ತವೆ.

ಶೀಲ್ಡ್ ಅಂದರೆ ಒಂದು ಸೀಳು, ಒಂದು ಸಣ್ಣ ತೂತು ಇರುವ ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ. ಬೇರ್ಪಡಿಸಿದ ಕೂದಲನ್ನು ಸೀಳಿನ ಮೂಲಕ ತೂತಿಗೆ ತಂದು, ಬಿಲ್ಲೆಯನ್ನು ನೆತ್ತಿಗೆ ತಾಗಿಸಿ ಕ್ಲಿಪ್ ಹಾಕಿ. ಪಕ್ಕದ ಕೂದಲು ಒಂದೂ ಒಳಗೆ ಬರದ ಹಾಗೆ ಅದು ತಡೆಯುತ್ತದೆ, ಬಿಸಿಯೂ ಚರ್ಮಕ್ಕೆ ತಾಗುವುದಿಲ್ಲ. ಅಕ್ಕಪಕ್ಕದ ಒಂದು ಕೂದಲು ಬಾಂಡ್‌ನೊಳಗೆ ಸಿಕ್ಕಿಕೊಂಡರೆ, ತಲೆ ಆಡಿಸಿದಾಗಲೆಲ್ಲ ಅಲ್ಲಿ ಚುಚ್ಚಿದ ಹಾಗಾಗುತ್ತದೆ. ಮೊದಲ ರಾತ್ರಿ ನಿದ್ದೆ ಕೆಡಿಸುವುದು ಅದೇ.

ತೆಗೆದುಕೊಂಡ ಕೂದಲಿನ ದಪ್ಪ ಎಕ್ಸ್‌ಟೆನ್ಶನ್ ಎಳೆಯ ದಪ್ಪಕ್ಕೆ ಸಮ ಅಥವಾ ಒಂದು ಕೂದಲೆಳೆ ಹೆಚ್ಚು ಇರಲಿ. ಕಡಿಮೆಯಾದರೆ ನಾಲ್ಕು ಕೂದಲು 1 ಗ್ರಾಂ ಭಾರ ಹೊತ್ತು ಬುಡಸಮೇತ ಬರುತ್ತವೆ. ಜಾಸ್ತಿಯಾದರೆ ಅಂಟು ಸುತ್ತಿಬರಲು ಸಾಲದೆ ಜಾರುತ್ತದೆ. ಎಳೆಯ ಅಂಟಿರುವ ತುದಿಯನ್ನು ನಿಮ್ಮ ಕೂದಲಿನ ಕೆಳಗಿಟ್ಟು, ನೆತ್ತಿಯಿಂದ 0.5 ರಿಂದ 1 ಸೆಂ.ಮೀ. ಬಿಟ್ಟು, ಎರಡನ್ನೂ ಸೇರಿಸಿ ಕನೆಕ್ಟರ್‌ನಿಂದ 3-5 ಸೆಕೆಂಡ್ ಒತ್ತಿ. ಶಾಖ 180 ಡಿಗ್ರಿಯ ಆಸುಪಾಸಿನಿಂದ ಶುರು ಮಾಡಬಹುದು, ಎಳೆಯ ಪ್ಯಾಕೆಟ್ ಮೇಲೆ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಅಂಟು ಪಾರದರ್ಶಕವಾಗಿ ಮೆತ್ತಗಾಗಬೇಕು, ಹರಿಯಬಾರದು. ಹರಿದರೆ, ಗುಳ್ಳೆ ಬಂದರೆ, ಕಂದುಬಣ್ಣಕ್ಕೆ ತಿರುಗಿದರೆ ಶಾಖ ಹೆಚ್ಚಾಯಿತು. ಬೆಳ್ಳಗೆ ಮಸುಕಾಗಿ ಉಳಿದರೆ ಕಡಿಮೆಯಾಯಿತು.

ಕನೆಕ್ಟರ್ ತೆಗೆದ ಕೂಡಲೇ ಬೆರಳಿಗೆ ಸಿಲಿಕೋನ್ ಟೋಪಿ ಹಾಕಿಕೊಂಡು ಹೆಬ್ಬೆರಳು-ತೋರುಬೆರಳ ನಡುವೆ ಬತ್ತಿ ಹೊಸೆದಂತೆ ಉರುಳಿಸಿ, ಅಂಟು ಎಲ್ಲ ಕೂದಲನ್ನೂ ಸುತ್ತುವ ತನಕ. ಮುಗಿದಾಗ ಬಾಂಡ್ ಉದ್ದ ಅಕ್ಕಿ ಕಾಳಿಗಿಂತ ತುಸು ದೊಡ್ಡದಿರಬೇಕು, ತುದಿಗಳು ಚುಚ್ಚಬಾರದು. ಉರುಳಿಸುವಾಗ ಕೂದಲನ್ನು ಎಳೆದು ಹಿಡಿಯಬೇಡಿ. ಎಳೆದು ಹಿಡಿದೇ ಅಂಟು ಗಟ್ಟಿಯಾದರೆ ಆ ಬಿಗಿ ಮೂರು ತಿಂಗಳೂ ಇರುತ್ತದೆ. ಬಾಂಡ್ ತಣ್ಣಗಾದ ಮೇಲೆ ಶೀಲ್ಡ್ ತೆಗೆದು ಎಳೆಯನ್ನು ಮೇಲೆ, ಕೆಳಗೆ, ಎರಡೂ ಪಕ್ಕಕ್ಕೆ ಆಡಿಸಿ. ಯಾವ ಕಡೆಗಾದರೂ ಚರ್ಮ ಎದ್ದು ಬಂದರೆ ಅದನ್ನು ಅಲ್ಲೇ ಬಿಡಿಸಿ ಮತ್ತೆ ಹಾಕಿ. ಆಮೇಲೆ ಸರಿಹೋಗುತ್ತದೆ ಎಂದು ಬಿಟ್ಟರೆ ಸರಿಹೋಗುವುದಿಲ್ಲ.

ಬಿಸಿ ಅಂಟು ಚರ್ಮಕ್ಕೆ ಬಿದ್ದರೆ ಕೀಳಬೇಡಿ, 20 ನಿಮಿಷ ಹರಿಯುವ ತಣ್ಣೀರು ಬಿಡಿ. ಅಂಟು ಸಾಲದೆ ಬಂದರೆ ಕರಕುಶಲ ಕೆಲಸದ ಗ್ಲೂ ಗನ್ ಕಡ್ಡಿಯನ್ನು ಖಂಡಿತ ಬಳಸಬೇಡಿ. ಅದು ರಿಮೂವರ್‌ಗೆ ಬಿಡುವುದಿಲ್ಲ, ಕೊನೆಗೆ ಕತ್ತರಿಯೇ ಗತಿ.

ಅಬ್ಬಲಿಗೆ_ಕುಮಟಾ:
ಅಭ್ಯಾಸಕ್ಕೆ ಒಂದು ಉಪಾಯ. ಮನೆಯಲ್ಲಿ ಹಳೆಯ ಚೌರಿ ಇದ್ದರೆ ಕುರ್ಚಿಯ ಬೆನ್ನಿಗೆ ಕಟ್ಟಿ, ಅದರ ಮೇಲೆ ಎರಡು ಮೂರು ಬಾಂಡ್ ಮಾಡಿ ನೋಡಿ. ಚೌರಿ ನಿಜವಾದ ಕೂದಲಿನದಾಗಿರಬೇಕು, ನೈಲಾನ್‌ನದು ಕನೆಕ್ಟರ್ ತಾಗಿದ ಕೂಡಲೇ ಕರಗುತ್ತದೆ. ಗೊತ್ತಾಗದಿದ್ದರೆ ಒಂದೆರಡು ಎಳೆ ಸುಟ್ಟು ನೋಡಿ: ಕೂದಲಾದರೆ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಆದರೆ ಗಟ್ಟಿ ಮಣಿಯಾಗುತ್ತದೆ.  ಮಾಡಿದ ಬಾಂಡನ್ನು ರಿಮೂವರ್ ಹಾಕಿ ಬಿಡಿಸಿಯೂ ನೋಡಿ.

ಕೋಡಿಬಾಗ_ಕಾರವಾರ:
ಸಮಯ ಎಷ್ಟು ಹಿಡಿಯಬಹುದು? ನಡುವೆ ಕರೆಂಟ್ ಹೋದರೆ?

ಹೆರಳು_ಶಿರಸಿ:
ಹೊಸ ಕೈಗೆ ಒಂದು ಎಳೆಗೆ ಎರಡು ನಿಮಿಷವಾದರೂ ಬೇಕು. 114 ಎಳೆಗೆ ನಾಲ್ಕು ತಾಸು ಹತ್ತಿರ, ಊಟ-ಚಹಾ ಸೇರಿ ಐದು ತಾಸು ಇಟ್ಟುಕೊಳ್ಳಿ. ಒಂದೇ ದಿನ ಮುಗಿಸುವ ಹಟ ಬೇಡ. ಮೊದಲ ದಿನ ಹಿಂಭಾಗ, ಮಾರನೇ ದಿನ ಎರಡು ಬದಿ ಮಾಡಬಹುದು, ನಡುವೆ ತಲೆಗೆ ನೀರು, ಎಣ್ಣೆ ಸೋಕಿಸಬಾರದು ಅಷ್ಟೆ. ಕತ್ತು ಬಗ್ಗಿಸಿ ಕೂತವರಿಗೂ ನಿಂತವರಿಗೂ ಮೂರು ತಾಸಿನ ಮೇಲೆ ಕೈ ಸೋಲುತ್ತದೆ. ಕೆಟ್ಟ ಬಾಂಡ್ ಬರುವುದು ಆ ಹೊತ್ತಿನಲ್ಲೇ.

ಕರೆಂಟ್‌ಗೆ: ಕನೆಕ್ಟರ್ ಎಳೆಯುವ ವಿದ್ಯುತ್ ಕಡಿಮೆ, ಮನೆಯ ಇನ್ವರ್ಟರ್ ಸಾಕು. ಹೇರ್ ಡ್ರೈಯರ್ ಮಾತ್ರ 1000 ವ್ಯಾಟ್ ದಾಟುತ್ತದೆ, ಅದನ್ನು ಇನ್ವರ್ಟರ್ ಲೈನಿಗೆ ಹಾಕಬೇಡಿ. ಬೆಳಕು ಮುಖ್ಯ. ಕಪ್ಪು ಕೂದಲಲ್ಲಿ ಅಂಟು ಪಾರದರ್ಶಕವಾಯಿತೇ ಎಂದು ಮಂದ ಬೆಳಕಲ್ಲಿ ತಿಳಿಯುವುದೇ ಇಲ್ಲ. ಬೆಳಗ್ಗೆ ಕಿಟಕಿಯ ಪಕ್ಕ ಕೂರಿ.

ಘಟ್ಟದಾಚೆ_ಯಲ್ಲಾಪುರ:
ನೀವು ತರಿಸಿದ ಕೂದಲು ಯಾವುದು ನೋಡಿದ್ದೀರಾ? ರೆಮಿ ಎಂದರೆ ಬುಡದಿಂದ ತುದಿಗೆ ಎಲ್ಲ ಕೂದಲೂ ಒಂದೇ ದಿಕ್ಕಿನಲ್ಲಿರುವುದು. ತಿರುಮಲದಲ್ಲಿ ಮುಡಿ ಕೊಟ್ಟ ಕೂದಲನ್ನು ದೇವಸ್ಥಾನ ಇ-ಹರಾಜಿನಲ್ಲಿ ಮಾರುತ್ತದೆ. ಅಂಥದ್ದನ್ನು ಬುಡದಲ್ಲಿ ಕಟ್ಟಿಟ್ಟರೆ ದಿಕ್ಕು ಉಳಿಯುತ್ತದೆ. ಬಾಚಣಿಗೆಯಲ್ಲಿ ಉದುರಿದ್ದನ್ನು ಮನೆಮನೆಯಿಂದ ಪಾತ್ರೆಗೆ ಬದಲಾಗಿ ಕೊಳ್ಳುತ್ತಾರಲ್ಲ, ಆ ಉಂಡೆಗೂದಲಿನಲ್ಲಿ ಬುಡ-ತುದಿ ಕಲೆತಿರುತ್ತವೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ಸಂಸ್ಕರಿಸುವ ಉದ್ಯಮವೇ ಇದೆ. ಎಷ್ಟು ನಾಜೂಕಾಗಿ ಬಿಡಿಸಿದರೂ ಉಂಡೆಗೂದಲಿನ ದಿಕ್ಕನ್ನು ಪೂರ್ತಿ ಸರಿಮಾಡುವುದು ಕಷ್ಟ. ಅದಕ್ಕೇ ಅಂಥ ಕೂದಲಿನ ಹೊರಪದರವನ್ನು ಆಮ್ಲದಿಂದ ತೆಗೆದು ಸಿಲಿಕೋನ್ ಹೊಳಪು ಕೊಟ್ಟು ಮಾರುವುದುಂಟು. ನಾಲ್ಕೈದು ಸ್ನಾನಕ್ಕೆ ಹೊಳಪು ಹೋಗಿ ಸಿಕ್ಕು ಶುರುವಾಗುತ್ತದೆ.

ಪರೀಕ್ಷೆ ಸುಲಭ. ಒಂದು ಎಳೆಯನ್ನು ಶಾಂಪೂವಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ, ಬೆರಳಿನಿಂದ ಬುಡದಿಂದ ತುದಿಗೆ, ಆಮೇಲೆ ತುದಿಯಿಂದ ಬುಡಕ್ಕೆ ಸವರಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಸ್ವಲ್ಪ ತಡೆ ಇದ್ದರೆ ದಿಕ್ಕು ಸರಿಯಿದೆ. ಎರಡೂ ಕಡೆಗೆ ತಡೆದು ಗಂಟು ಬಿದ್ದರೆ ತಲೆಗೆ ಅಂಟಿಸುವ ಮೊದಲೇ ವಾಪಸ್ ಕೊಡುವುದು ಒಳ್ಳೆಯದು.

ಶರಾವತಿ_ಹೊನ್ನಾವರ:
ಮದುವೆ ಒಂದಕ್ಕೇ ಬೇಕಾದ್ದಾದರೆ ಕ್ಲಿಪ್ ಹಾಕುವ ಎಕ್ಸ್‌ಟೆನ್ಶನ್ ಸಾಕಲ್ಲವೇ ಎಂಬುದು ನನ್ನ ಅಭಿಪ್ರಾಯ. ಮೂರು ತಿಂಗಳು ಉದ್ದ ಕೂದಲು ಬೇಕು ಎಂದಿದ್ದರೆ ಮಾತ್ರ ಫ್ಯೂಷನ್‌ನ ಶ್ರಮಕ್ಕೆ ಬೆಲೆ. ಬಿಸಿ ಬೇಡ ಎನಿಸಿದರೆ ಸಣ್ಣ ಉಂಗುರ ಒತ್ತಿ ಕೂರಿಸುವ ಮೈಕ್ರೋ ರಿಂಗ್ ಇದೆ. ತೆಗೆಯುವುದೂ ಸುಲಭ, ಇಕ್ಕಳದಿಂದ ಉಂಗುರವನ್ನು ಅಡ್ಡಕ್ಕೆ ಒತ್ತಿದರೆ ಬಾಯಿಬಿಡುತ್ತದೆ. ಅದಕ್ಕೆ ತುದಿ ಸಣ್ಣ ಕಡ್ಡಿಯಂತಿರುವ ಐ-ಟಿಪ್ ಎಳೆ ಬೇಕು, ನಿಮ್ಮ ಯು-ಟಿಪ್ ಆಗುವುದಿಲ್ಲ.

ಕೋಡಿಬಾಗ_ಕಾರವಾರ:
ಮೂರು ತಿಂಗಳು ಇಡುವ ಯೋಚನೆಯೇ. ಪ್ರಯೋಗ ಮುಗಿಯಿತು. ಮೂರರಲ್ಲಿ ಒಂದು ಎಳೆ ತಲೆ ತೊಳೆಯುವಾಗ ಪೂರ್ತಿ ಜಾರಿ ಬಂತು. ಬಾಂಡ್ ಮುರಿದಿಲ್ಲ, ಅದರಲ್ಲಿ ನನ್ನ ಕೂದಲು ಒಂದೂ ಇಲ್ಲ. ಉಳಿದೆರಡು ಗಟ್ಟಿಯಾಗಿವೆ, ತುರಿಕೆ ಇಲ್ಲ.

ಅಬ್ಬಲಿಗೆ_ಕುಮಟಾ:
ಬಾಂಡ್ ಇಡಿಯಾಗಿ, ಖಾಲಿ ಕೊಳವೆಯಂತೆ ಜಾರಿದರೆ ಎಣ್ಣೆಯ ಜಿಡ್ಡು ಎಂದೇ ಲೆಕ್ಕ. ಕಿವಿಯ ಹಿಂದೆ ಶಾಂಪೂ ಸರಿಯಾಗಿ ಮುಟ್ಟುವುದಿಲ್ಲ. ಬೆಳ್ಳಗೆ ಪುಡಿಯಾಗಿ ಉದುರಿದರೆ ಶಾಖ ಸಾಲಲಿಲ್ಲ ಎಂದರ್ಥ. ಬಾಂಡ್‌ನೊಳಗೆ ಕೂದಲಿದ್ದು ಅದರ ತುದಿ ತುಂಡಾಗಿದ್ದರೆ ಬಿಗಿ ಅಥವಾ ಶಾಖ ಹೆಚ್ಚಾಗಿದೆ. ಬುಡದಲ್ಲಿ ಬಿಳಿ ಗೆಣ್ಣು ಇರುವ ಕೂದಲು ಹತ್ತಾರು ಒಟ್ಟಿಗೆ ಬಂದಿದ್ದರೆ ತೆಗೆದುಕೊಂಡ ಕೂದಲು ಭಾರಕ್ಕೆ ಸಾಲಲಿಲ್ಲ. ನಿಮ್ಮದು ಮೊದಲ ಬಗೆ. ಹಾಕುವ ಬೆಳಿಗ್ಗೆ ಒಂದೊಂದು ಸಾಲಿನ ಬುಡವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಆರಿದ ಮೇಲಷ್ಟೇ ಕನೆಕ್ಟರ್ ಹತ್ತಿರ ತನ್ನಿ. ಆಲ್ಕೋಹಾಲ್ ಹಸಿಯಿದ್ದಾಗ ಬಿಸಿ ಹತ್ತಿರ ಒಯ್ಯಬಾರದು, ಬೆಂಕಿ ಹಿಡಿಯುವ ವಸ್ತು ಅದು.

ಹೆರಳು_ಶಿರಸಿ:
ಹಾಕಿದ ಮೇಲಿನ 48 ತಾಸು ತಲೆಗೆ ನೀರು ಬೇಡ. ಹಾಗಾಗಿ ಮದುವೆಗೆ ಐದಾರು ದಿನ ಮೊದಲು ಹಾಕಿ ಮುಗಿಸಿ, ಮೊದಲ ಸ್ನಾನವಾದ ಮೇಲೆ ಜಾರಿದ್ದನ್ನು ಮತ್ತೆ ಹಾಕಲು ಸಮಯ ಸಿಗುತ್ತದೆ. ತೊಳೆಯುವಾಗ ನೇರ ನಿಂತು ತೊಳೆಯಿರಿ, ತಲೆ ಮುಂದಕ್ಕೆ ಬಗ್ಗಿಸಿದರೆ ಬಾಂಡ್‌ಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕಂಡೀಷನರ್, ಎಣ್ಣೆ ಎರಡೂ ಕಿವಿಯ ಮಟ್ಟಕ್ಕಿಂತ ಕೆಳಗೆ ಮಾತ್ರ. ಮನೆಯಲ್ಲಿ ಹಿರಿಯರು ಒತ್ತಾಯ ಮಾಡಿದರೂ ಈ ಮೂರು ತಿಂಗಳು ಎಣ್ಣೆಸ್ನಾನ ಇಲ್ಲ. ಸ್ಟ್ರೇಟ್ನರ್ ಬಾಂಡ್‌ಗೆ ತಾಗಬಾರದು. ಹಂಡೆಯ ಬಿಸಿನೀರಿಗೆ ಬಾಂಡ್ ಕರಗುವುದಿಲ್ಲ, ಆ ಭಯ ಬೇಡ. ದಿನಾ ಮಲಗುವ ಮೊದಲು ಬೆರಳುಗಳನ್ನು ಬಾಂಡ್‌ಗಳ ನಡುವೆ ಆಡಿಸಿ ಒಂದೊಂದನ್ನೂ ಬಿಡಿಬಿಡಿ ಮಾಡಿ, ಆಮೇಲೆ ಸಡಿಲ ಜಡೆ. ಟ್ಯಾಗೋರ್ ಕಡಲತೀರಕ್ಕೆ ಹೋಗಿ ನೀರಿಗಿಳಿದರೆ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಉಪ್ಪು ಹೋಗುವ ತನಕ ತೊಳೆದು, ಬುಡದವರೆಗೆ ಒಣಗಿಸಬೇಕು.

ಮದುವೆಯ ದಿನ ಮೊಗ್ಗಿನ ಜಡೆ, ಜಡೆಬಿಲ್ಲೆ, ದಂಡೆ ದಂಡೆ ಅಬ್ಬಲಿಗೆ ಮುಡಿಯುವುದಿದ್ದರೆ ಆ ಭಾರವನ್ನು ನೆತ್ತಿಯ ಸ್ವಂತ ಕೂದಲಿಗೆ ಪಿನ್ ಮಾಡಿ. ಬಾಂಡ್‌ಗಳ ಸಾಲಿಗೆ ಪಿನ್ ಚುಚ್ಚಬೇಡಿ.

ಗಂಗಾವಳಿ_ಅಂಕೋಲಾ:
ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೆಚ್ಚು ಎಚ್ಚರ ಬೇಕು. ಹಸಿ ತಲೆ ಕಟ್ಟಿಕೊಂಡು ಮಲಗಿದರೆ ಬಾಂಡ್‌ಗಳ ನಡುವಿನ ಚರ್ಮ ಹಸಿಯಾಗಿಯೇ ಉಳಿದು ಹೊಟ್ಟು, ತುರಿಕೆ, ವಾಸನೆ ಶುರುವಾಗುತ್ತದೆ. ವಾರಕ್ಕೆ ಎರಡು ಸ್ನಾನ ಸಾಕು, ಹಗಲು ಹೊತ್ತಿನಲ್ಲಿ, ಡ್ರೈಯರ್‌ನ ತಣ್ಣನೆ ಗಾಳಿಯಲ್ಲಿ ಒಣಗಿಸಿ. ಹಾಕಿದ ಮೊದಲೆರಡು ದಿನ ಸ್ವಲ್ಪ ಬಿಗಿ ಅನಿಸಬಹುದು. ಮೂರನೇ ದಿನವೂ ನೋವಿದ್ದರೆ, ಬುಡದಲ್ಲಿ ಸಣ್ಣ ಕೆಂಪು ಗುಳ್ಳೆ ಎದ್ದರೆ ಆ ಎಳೆಗಳನ್ನು ತೆಗೆಯಿರಿ. ಕೀವು ಅಥವಾ ಊತ ಕಂಡರೆ ಚರ್ಮವೈದ್ಯರಿಗೆ ತೋರಿಸಿ.

ಶರಾವತಿ_ಹೊನ್ನಾವರ:
ತೆಗೆಯುವ ಕ್ರಮವನ್ನೂ ಇಲ್ಲೇ ಬರೆದಿಡುತ್ತೇನೆ, ಆಗಸ್ಟ್‌ನಲ್ಲಿ ಹುಡುಕುವುದು ಬೇಡ. ಕಿಟಕಿ ತೆರೆದಿಡಿ. ರಿಮೂವರ್ ಬೇಗ ಬೆಂಕಿ ಹಿಡಿಯುತ್ತದೆ, ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಇರುವ ಕೋಣೆಯಲ್ಲಿ ಬೇಡವೇ ಬೇಡ. ಕೆಳಗಿನ ಸಾಲಿನಿಂದ ಶುರು ಮಾಡಿ. ಬಾಂಡ್ ಮೇಲೆ ಎರಡು ಮೂರು ಹನಿ ಬಿಟ್ಟು ಅರ್ಧ ನಿಮಿಷ ಕಾಯಿರಿ. ಇಕ್ಕಳದಿಂದ ಬಾಂಡನ್ನು ಮೇಲಿನಿಂದ ಕೆಳಕ್ಕೆ ನಾಲ್ಕೈದು ಕಡೆ ಒತ್ತಿ, ಆಮೇಲೆ ಕಾಲು ಸುತ್ತು ತಿರುಗಿಸಿ ಮತ್ತೆ ಒತ್ತಿ. ಚಟಚಟ ಸದ್ದಾಗಿ ಅಂಟು ಬೆಳ್ಳಗೆ ಒಡೆಯುತ್ತದೆ. ಇನ್ನೊಂದು ಹನಿ ಹಾಕಿ, ಬುಡವನ್ನು ಒಂದು ಕೈಯಲ್ಲಿ ಗಟ್ಟಿ ಹಿಡಿದು, ಎಳೆಯನ್ನು ಮೆಲ್ಲಗೆ ಕೆಳಗೆ ಜಾರಿಸಿ. ಬರದಿದ್ದರೆ ಮತ್ತೆ ಹನಿ ಹಾಕಿ ಮತ್ತೆ ಒತ್ತಿ. ಜಗ್ಗಬೇಡಿ.

ತೆಗೆದ ಮೇಲೆ ಪ್ರತಿ ಬಾಂಡ್ ಜಾಗದಲ್ಲೂ ಸಣ್ಣ ಕೂದಲುಂಡೆ ಕಾಣುತ್ತದೆ. ಗಾಬರಿ ಬೇಡ. ತಲೆಯಿಂದ ದಿನಕ್ಕೆ 50 ರಿಂದ 100 ಕೂದಲು ಉದುರುವುದು ಸಹಜ. ಬಾಂಡ್‌ಗೆ ಸಿಕ್ಕವು ಕೆಳಗೆ ಬೀಳಲಾಗದೆ ಮೂರು ತಿಂಗಳಿಂದ ಅಲ್ಲೇ ಉಳಿದಿರುತ್ತವೆ. ನೀರು ಹಾಕುವ ಮೊದಲೇ, ಒಣಗಿದ್ದಾಗಲೇ, ಸಣ್ಣ ಹಲ್ಲಿನ ಹಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಡಿಸಿ, ಅಂಟಿನ ಪುಡಿಯನ್ನೂ ಬಾಚಿ ತೆಗೆಯಿರಿ. ಈ ಉಂಡೆಗಳಿರುವಾಗ ತಲೆಗೆ ನೀರು ಬಿದ್ದರೆ ಅವು ಬಿಗಿದು ಗಂಟಾಗುತ್ತವೆ, ಆಮೇಲೆ ಕತ್ತರಿಸುವುದೊಂದೇ ದಾರಿ. ಪೂರ್ತಿ ಬಿಡಿಸಿದ ಮೇಲೆ ಶಾಂಪೂ, ಕಂಡೀಷನರ್. ತೆಗೆಯಲು ಮೂರು ತಾಸು ಇಟ್ಟುಕೊಳ್ಳಿ. ಮತ್ತೆ ಹಾಕುವುದಿದ್ದರೆ ನಡುವೆ ನಾಲ್ಕು ವಾರವಾದರೂ ನೆತ್ತಿಗೆ ಬಿಡುವು ಕೊಡಿ, ಆಗ ಎಣ್ಣೆಯನ್ನೂ ಧಾರಾಳವಾಗಿ ಹಚ್ಚಬಹುದು.

ಕೋಡಿಬಾಗ_ಕಾರವಾರ:
ತೆಗೆದ ಎಳೆಗಳನ್ನು ಮತ್ತೆ ಬಳಸಬಹುದೇ?

ಘಟ್ಟದಾಚೆ_ಯಲ್ಲಾಪುರ:
ಕೂದಲು ಒಳ್ಳೆಯದಿದ್ದರೆ ಬಳಸಬಹುದು. ಹಳೆ ಅಂಟಿನ ತುದಿಯನ್ನು ಕತ್ತರಿಸಿ ಹೊಸ ಅಂಟು ಹಾಕಿಸಬೇಕು, ಪ್ರತಿ ಸಲ ಅರ್ಧ ಇಂಚಿನಷ್ಟು ಉದ್ದ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ 20 ಎಳೆಗೊಂದು ರಬ್ಬರ್ ಹಾಕಿ, ಬುಡ ಒಂದೇ ಕಡೆಗಿರಲಿ. ತೊಳೆದು ಎರಡು ದಿನ ನೆರಳಲ್ಲಿ ತೂಗುಹಾಕಿ ಒಣಗಿಸಿ. ಆಗಸ್ಟ್‌ನ ಹವೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಮಳೆಗಾಲ ಮುಗಿಯುವ ತನಕ ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ.